ಮಾತಿನ ಧಾಟಿ ತಿದ್ದುವ ಮುಂಚೆ ತಲೆಯ ಹೊರೆ ಇಳಿಸಿ: ಆಟಿಸಂ ಇರುವ ಮಕ್ಕಳ ಮನೆಯವರಿಗೆ ಒಂದು ಸಮಗ್ರ ಮಾರ್ಗದರ್ಶಿ

ನನ್ನ ಮಗನಿಗೆ ಒಂಬತ್ತು ವರ್ಷ, ಆಟಿಸಂ ಇದೆ. ಮನೆ ಬೆಂಗಳೂರಿನ ವಿಜಯನಗರದಲ್ಲಿ, ಮೆಟ್ರೋ ಸ್ಟೇಷನ್ ಹತ್ತಿರ. ಅವನು ಮೆಟ್ರೋ ಅನೌನ್ಸ್‌ಮೆಂಟ್ ಹೇಳುವುದನ್ನು ಕಣ್ಣು ಮುಚ್ಚಿ ಕೇಳಿದರೆ ರೈಲಿನಲ್ಲೇ ಕೂತ ಹಾಗಾಗುತ್ತದೆ. ಅದೇ ಏರಿಳಿತ, ಅದೇ ಬಿಡುವು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಅದೇ ಹುಡುಗ ಬೆಳಗ್ಗೆ ಶೂ ಹಾಕಿಕೊಳ್ಳುತ್ತಾ "ಅಮ್ಮ, ನೀರಿನ ಬಾಟಲ್" ಅಂದರೆ ಬಸ್ ಕಂಡಕ್ಟರ್ ಚಿಲ್ಲರೆ ಕೇಳಿದ ಹಾಗಿರುತ್ತದೆ. ಗಂಟಲು ಒಂದೇ ಅಲ್ವಾ? ಮತ್ತೆ ವ್ಯತ್ಯಾಸ ಎಲ್ಲಿಂದ ಬಂತು?

ಈ ಪ್ರಶ್ನೆ ಹಿಡಿದುಕೊಂಡು ಐದು ವರ್ಷ ಥೆರಪಿ ಸೆಂಟರ್‌ನಿಂದ ಸೆಂಟರ್‌ಗೆ ಓಡಾಡಿದ್ದೇನೆ. ಒಂದು ಕಡೆ ವಾರಕ್ಕೆ ಮೂರು ದಿನ ಕೂರಿಸಿ "ಭಾವ ತುಂಬಿ ಹೇಳು, ಇನ್ನೊಂದ್ಸಲ ಹೇಳು" ಅಂತ ನಾಲ್ಕು ತಿಂಗಳು ಹೇಳಿಸಿದರು. ಕೊನೆಗೆ ಅವನು ಮಾತಾಡುವುದನ್ನೇ ಕಮ್ಮಿ ಮಾಡಿದ. ನನಗೆ ನಿಧಾನಕ್ಕೆ ಹೊಳೆದದ್ದು ಇಷ್ಟು: ಅವನ ತಲೆ ಹಗುರವಾಗಿದ್ದಾಗ ಧಾಟಿ ತಾನಾಗಿ ಬರುತ್ತದೆ, ತಲೆ ತುಂಬಿಹೋದಾಗ ಎಲ್ಲಕ್ಕಿಂತ ಮೊದಲು ಬಿದ್ದುಹೋಗುವುದೂ ಧಾಟಿಯೇ. ಆದ್ದರಿಂದ ಈ ಮಾರ್ಗದರ್ಶಿಯ ಕ್ರಮ ನೀವು ನಿರೀಕ್ಷಿಸಿದ್ದಕ್ಕಿಂತ ಉಲ್ಟಾ ಇದೆ. ನಾನು ಥೆರಪಿಸ್ಟ್ ಅಲ್ಲ, ಅಮ್ಮ. ಓದಿದ್ದು, ಕೇಳಿದ್ದು, ಮನೆಯಲ್ಲಿ ಮಾಡಿ ನೋಡಿದ್ದು ಮೂರೂ ಸೇರಿಸಿ ಬರೆಯುತ್ತಿದ್ದೇನೆ.

ಎರಡು ದೊಡ್ಡ ಪದ, ಸಣ್ಣದಾಗಿ

ರಿಪೋರ್ಟ್‌ಗಳಲ್ಲಿ "ಪ್ರೊಸೋಡಿ" ಅಂತ ಬರೆದಿರುತ್ತಾರೆ. ಮಾತಿನ ಧಾಟಿ ಅಂದರೆ ಸಾಕು. ಸ್ವರದ ಏರಿಳಿತ, ಗಟ್ಟಿ ಅಥವಾ ಮೆಲ್ಲಗೆ, ವೇಗ, ಎಲ್ಲಿ ಒತ್ತು, ಎಲ್ಲಿ ಬಿಡುವು, ಇವೆಲ್ಲ ಸೇರಿದ್ದು. ಆಟಿಸಂ ಇರುವ ಮಕ್ಕಳು ಅಂದರೆ ಏಕತಾನದ ಮಾತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಹಲವು ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿ 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ನೋಡಿದರೆ, ಅಳೆದಾಗ ಇವರ ಸ್ವರದ ಸರಾಸರಿ ಎತ್ತರವೂ ಏರಿಳಿತದ ಹರವೂ ಸ್ವಲ್ಪ ಜಾಸ್ತಿಯೇ. ಕೆಲವರದು ಮಟ್ಟಸ, ಕೆಲವರದು ಹಾಡಿದ ಹಾಗೆ, ಕೆಲವರದು ಕಾರ್ಟೂನಿನ ಅಮೆರಿಕನ್ ಇಂಗ್ಲಿಷ್. ಬೆಂಗಳೂರಿನಲ್ಲಿ ಈ ಮೂರನೇ ಗುಂಪು ದೊಡ್ಡದಿದೆ. ಯೂಟ್ಯೂಬ್ ಮಹಿಮೆ.

"ಎಕ್ಸಿಕ್ಯೂಟಿವ್ ಫಂಕ್ಷನ್" ಅರ್ಥ ಮಾಡಿಕೊಳ್ಳಲು ಬೆಳಗ್ಗೆ ಎಂಟೂವರೆಗೆ ಯಾವುದಾದರೂ ದರ್ಶಿನಿಗೆ ಹೋಗಿ, ಡೆಲಿವರಿ ಕೌಂಟರ್‌ನಲ್ಲಿ ನಿಂತವರನ್ನು ನೋಡಿ. ಐದು ಟೋಕನ್ ಯಾರದು ಯಾವುದು ಅಂತ ತಲೆಯಲ್ಲಿ ಇಟ್ಟುಕೊಂಡಿರುತ್ತಾರೆ. ಅದು ಕೆಲಸದ ನೆನಪು. ಜೋರಾಗಿ ಕೂಗಿದವನಿಗೆ ಮೊದಲು ಕೊಡಬೇಕು ಅನಿಸಿದರೂ ಕೈ ತಡೆಯುತ್ತಾರೆ. ಅದು ತಡೆಯುವ ಶಕ್ತಿ. ವಡೆ ಮುಗಿಯಿತು ಅಂದ ತಕ್ಷಣ ಲೆಕ್ಕ ಬದಲಿಸಿಕೊಳ್ಳುತ್ತಾರೆ. ಅದು ಹೊಂದಿಕೊಳ್ಳುವ ಗುಣ. ಈ ಮೂರು ಸೇರಿ ತಲೆಯೊಳಗಿನ ಮ್ಯಾನೇಜರ್. ಆಟಿಸಂ ಇರುವ ಅನೇಕ ಮಕ್ಕಳಿಗೆ ಈ ಮೂರರಲ್ಲಿ ಒಂದಲ್ಲ ಒಂದು ಕಡೆ ತೊಡಕು ಇರುತ್ತದೆ, ಮಗುವಿನಿಂದ ಮಗುವಿಗೆ ಬೇರೆ ಬೇರೆ.

ಈಗ ಯೋಚಿಸಿ, ಮಾತಾಡುವಾಗ ಏನೇನು ಆಗಬೇಕು. ಏನು ಹೇಳಬೇಕು ಅಂತ ಹಿಡಿದಿಟ್ಟುಕೊಳ್ಳಬೇಕು, ಪದ ಹುಡುಕಬೇಕು, ಎದುರಿಗೆ ಅಜ್ಜಿಯೋ ಗೆಳೆಯನೋ ನೋಡಬೇಕು, ಅದಕ್ಕೆ ತಕ್ಕ ಹಾಗೆ ಸ್ವರ ಬದಲಿಸಬೇಕು, ಅದು ಸರಿ ಬಂತಾ ಅಂತ ತನ್ನ ಮಾತನ್ನೇ ಕೇಳಿಸಿಕೊಳ್ಳಬೇಕು. ಮೆಟ್ರೋ ಅನೌನ್ಸ್‌ಮೆಂಟ್‌ಗೆ ಇದ್ಯಾವುದೂ ಬೇಡ, ಅದು ಧಾಟಿ ಸಮೇತ ಬಾಯಿಪಾಠ. ಒಂದು ಎಚ್ಚರಿಕೆ: ಧಾಟಿಯ ತೊಡಕಿಗೆ ಎಕ್ಸಿಕ್ಯೂಟಿವ್ ಫಂಕ್ಷನ್ನೇ ಕಾರಣ ಅಂತ ಯಾರೂ ಸಾಬೀತು ಮಾಡಿಲ್ಲ. ಹೊರೆ ಇಳಿಸಿದರೆ ನಷ್ಟವಿಲ್ಲ, ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ.

ಹೆಜ್ಜೆ 1: ಕಿವಿ ಮತ್ತು ಬಾಯಿ ಚೆಕ್ ಮಾಡಿಸಿ

ಇದು ಆಗದೆ ಮುಂದೆ ಹೋಗಬೇಡಿ. ಕಿವಿ ಸ್ವಲ್ಪ ಮಂದವಾಗಿದ್ದರೂ ಧಾಟಿ ಕೆಡುತ್ತದೆ. ಕೂತು ಉತ್ತರ ಕೊಡದ ಮಗುವಿಗೆ ನಿದ್ದೆಯಲ್ಲಿ ಮಾಡುವ ಬೆರಾ ಟೆಸ್ಟ್ ಇದೆ. ಕೆಲವು ಮಕ್ಕಳಿಗೆ ಏನು ಹೇಳಬೇಕು ಅಂತ ಗೊತ್ತಿದ್ದರೂ ನಾಲಿಗೆ ತುಟಿಗಳ ಚಲನೆ ಜೋಡಿಸುವುದೇ ಕಷ್ಟ, ಅದಕ್ಕೆ ಏಪ್ರಾಕ್ಸಿಯಾ ಅನ್ನುತ್ತಾರೆ. ಅದರಲ್ಲೂ ಒತ್ತು ಮತ್ತು ಲಯ ತಪ್ಪುತ್ತದೆ, ಚಿಕಿತ್ಸೆ ಮಾತ್ರ ಬೇರೆ. ನಿಮ್ಹಾನ್ಸ್‌ನ ಮಕ್ಕಳ ವಿಭಾಗ, ಲಿಂಗರಾಜಪುರದ ಡಾ. ಎಸ್. ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆ, ಒಂದು ದಿನ ಬಿಡುವು ಮಾಡಿಕೊಂಡರೆ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಇವೆಲ್ಲ ಕೈಗೆಟಕುವ ದೂರದಲ್ಲಿವೆ. ಖಾಸಗಿ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಕೇಳಿ. ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಹೆಜ್ಜೆ 2: ಒಂದು ವಾರ ಸುಮ್ನೆ ಬರೆದುಕೊಳ್ಳಿ

ತಿದ್ದಬೇಡಿ, ಏನೂ ಹೇಳಿಕೊಡಬೇಡಿ. ಒಂದು ನೋಟ್‌ಬುಕ್‌ನಲ್ಲಿ ದಿನಕ್ಕೆ ಐದಾರು ಮಾತು ಬರೆಯಿರಿ: ಏನು ಹೇಳಿದ, ಹೇಗೆ ಹೇಳಿದ, ಆಗ ಅವನ ಕೈ ಏನು ಮಾಡುತ್ತಿತ್ತು, ಸುತ್ತ ಏನು ಸದ್ದಿತ್ತು, ಹೊಟ್ಟೆ ಹಸಿದಿತ್ತಾ. ಈ ಕೊನೆಯ ಮೂರು ಕಾಲಂ ಯಾರೂ ಬರೆಯುವುದಿಲ್ಲ, ಉತ್ತರ ಇರುವುದು ಅಲ್ಲೇ. ನಮ್ಮ ಮನೆಯ ಲೆಕ್ಕ ಹೀಗಿತ್ತು: ಸ್ನಾನ ಮಾಡುವಾಗ ಧಾಟಿ ಚೆನ್ನಾಗಿತ್ತು, ರಾತ್ರಿ ಲೈಟ್ ಆರಿಸಿದ ಮೇಲೆ ಇನ್ನೂ ಚೆನ್ನಾಗಿತ್ತು. ಹೋಂವರ್ಕ್, ಶೂ, ಮಿಕ್ಸಿ ಸದ್ದು, ನೆಂಟರು ಬಂದಾಗ ಪೂರ್ತಿ ಮಟ್ಟಸ. ನೆಂಟರು ಬಂದಾಗಲೇ ನಾವು "ಮಾತಾಡ್ಸು, ನಗ್ತಾ ಮಾತಾಡ್ಸು" ಅಂತ ಹಿಂದೆ ಬೀಳುತ್ತಿದ್ದೆವು ಅನ್ನುವುದು ಬರೆದು ನೋಡಿದ ಮೇಲೆ ಗೊತ್ತಾಯಿತು.

ಜೊತೆಗೆ ಫೋನಿನಲ್ಲಿ ದಿನಕ್ಕೆ ಎರಡು ನಿಮಿಷ ರೆಕಾರ್ಡ್ ಮಾಡಿ. ಕಂಪ್ಯೂಟರ್ ಗೊತ್ತಿರುವವರು ಪ್ರಾಟ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಬಹುದು. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಇಬ್ಬರು ಮಾಡಿದ್ದು, ಸ್ವರದ ಏರಿಳಿತವನ್ನು ಗೆರೆಯಾಗಿ ತೋರಿಸುತ್ತದೆ. ದೊಡ್ಡ ಗಂಡಸರ ಸ್ವರ ಸುಮಾರು 120 ಹರ್ಟ್ಸ್, ಹೆಂಗಸರದು 200ರ ಆಸುಪಾಸು, ಈ ವಯಸ್ಸಿನ ಮಕ್ಕಳದು 250ರಿಂದ 300. ಆದ್ದರಿಂದ ಪಿಚ್ ಸೆಟ್ಟಿಂಗ್‌ನಲ್ಲಿ ಮೇಲಿನ ಮಿತಿ ಕನಿಷ್ಠ 600 ಇರುವ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ಗೆರೆ ಅರ್ಧಕ್ಕೆ ಕತ್ತರಿಸಿಹೋಗಬಹುದು. ನನ್ನ ಮಗನಿಗೆ ಈ ಗೆರೆ ಅಂದರೆ ಪ್ರಾಣ. ಕನ್ನಡಿಗಿಂತ ಗೆರೆಯನ್ನೇ ಜಾಸ್ತಿ ನಂಬುತ್ತಾನೆ.

ಹೆಜ್ಜೆ 3: ಹೊರೆ ಇಳಿಸಿ

ಈ ಹೆಜ್ಜೆಗೆ ಕಮ್ಮಿ ಅಂದರೂ ಒಂದು ತಿಂಗಳು ಕೊಡಿ.

ನಾವೇ ಎಷ್ಟು ಮಾತಾಡುತ್ತೇವೆ ಅಂತ ಒಂದು ಬೆಳಗ್ಗೆ ರೆಕಾರ್ಡ್ ಮಾಡಿ ಕೇಳಿ. ನಾನು ಕೇಳಿ ನಾಚಿದೆ. "ಬೇಗ ಬಾ, ಶೂ ಎಲ್ಲಿ, ಡಬ್ಬಿ ಇಟ್ಕೊಂಡ್ಯಾ, ಆಟೋ ಬಂತು, ಅಯ್ಯೋ ತಲೆ ಬಾಚಿಲ್ಲ", ಒಂದೇ ಉಸಿರಲ್ಲಿ ಐದು ಮಾತು. ಕೆಲಸದ ನೆನಪು ಚಿಕ್ಕದಿರುವ ಮಗುವಿಗೆ ಇಲ್ಲಿ ಮೂರನೆಯದು ಬರುವಾಗ ಮೊದಲನೆಯದು ಹೋಗಿರುತ್ತದೆ. ಒಂದು ಸಲಕ್ಕೆ ಒಂದು ಮಾತು ಹೇಳಿ. ಹೇಳಿದ ಮೇಲೆ ಮನಸ್ಸಲ್ಲೇ ಹತ್ತು ಎಣಿಸಿ. ಹತ್ತು ಅಂದರೆ ನಿಜವಾಗಿ ಹತ್ತು, ನಮ್ಮ ಊರಿನ ಸಿಗ್ನಲ್‌ನಲ್ಲಿ ಹಸಿರು ಬೀಳುವ ಮುಂಚೆ ಹಿಂದಿನವನು ಹಾರ್ನ್ ಹೊಡೆಯುತ್ತಾನಲ್ಲ ಹಾಗೆ ಮಾಡಬೇಡಿ.

ಬೆಳಗಿನ ಕೆಲಸಗಳನ್ನು ಬಾಗಿಲ ಹತ್ತಿರ ಚಿತ್ರಗಳಲ್ಲಿ ಅಂಟಿಸಿ: ಬ್ರಷ್, ಸ್ನಾನ, ತಿಂಡಿ, ಶೂ, ಬ್ಯಾಗ್. ಮುಗಿದದ್ದನ್ನು ಅವನೇ ತಿರುಗಿಸಿ ಹಾಕಲಿ. "ಮೊದಲು ಇದು, ಆಮೇಲೆ ಅದು" ಅನ್ನುವ ಎರಡು ಖಾನೆಯ ಕಾರ್ಡ್ ಒಂದು ಬ್ಯಾಗಿನಲ್ಲಿರಲಿ. ಬದಲಾವಣೆ ಇದ್ದರೆ ಮುಂಚೆಯೇ ಹೇಳಿ. ಬೆಂಗಳೂರಿನಲ್ಲಿ ಪ್ಲಾನ್ ಬದಲಾಗುವುದು ಖಂಡಿತ, ಮಳೆ ಬಂತು, ರೋಡ್ ಅಗೆದರು, ಕರೆಂಟ್ ಹೋಯಿತು. ಅದಕ್ಕೇ ನಾವು ಒಂದು ಖಾಲಿ ಹಳದಿ ಕಾರ್ಡ್ ಇಟ್ಟಿದ್ದೇವೆ, ಅದರ ಹೆಸರು "ಬದಲಾಯ್ತು ಕಾರ್ಡ್". ಅದನ್ನು ತೋರಿಸಿ ಆಮೇಲೆ ವಿಷಯ ಹೇಳುತ್ತೇವೆ. ಮೊದಲು ಅತ್ತು ಕರೆದು ಆಗುತ್ತಿದ್ದದ್ದು ಈಗ ಹತ್ತರಲ್ಲಿ ಆರು ಸಲ ಬರೀ ಗೊಣಗಾಟದಲ್ಲಿ ಮುಗಿಯುತ್ತದೆ.

ಇಷ್ಟು ಮಾಡುವಾಗಲೇ ಕೆಲವು ಮಕ್ಕಳ ಮಾತಿಗೆ ಜೀವ ಬರಬಹುದು. ಬರದಿದ್ದರೂ ಪರವಾಗಿಲ್ಲ, ಮನೆಯಲ್ಲಿ ಕಿರುಚಾಟವಾದರೂ ಕಮ್ಮಿ ಆಗಿರುತ್ತದೆ.

ಹೆಜ್ಜೆ 4: ಮಗುವಿನ ಬಾಯಲ್ಲಿ ನಮ್ಮ ಪ್ರಶ್ನೆ

1943ರಲ್ಲಿ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ ಆಟಿಸಂ ಇರುವ 11 ಮಕ್ಕಳ ಬಗ್ಗೆ ಬರೆದ ಲೇಖನದಲ್ಲೇ ಇದಿದೆ: ಮಗು ತಾನು ಕೇಳಿದ್ದನ್ನು ಪದ ಮಾತ್ರ ಅಲ್ಲ, ಧಾಟಿಯನ್ನೂ ಹಾಗೇ ಇಟ್ಟುಕೊಂಡು ಹೇಳುತ್ತದೆ, ಅಮ್ಮ ಪ್ರಶ್ನೆಯಾಗಿ ಹೇಳಿದ್ದರೆ ಮಗುವೂ ಪ್ರಶ್ನೆಯಾಗೇ ಹೇಳುತ್ತದೆ. ನಮ್ಮಲ್ಲಿ ಇದು "ಹಾಲು ಬೇಕಾ?" ಹಾಲು ಬೇಕಿದ್ದ ಮಗುವೇ ಬಂದು ನಮ್ಮನ್ನು "ಹಾಲು ಬೇಕಾ?" ಅಂತ ಕೇಳುತ್ತದೆ. ನೆಂಟರು ನಗುತ್ತಾರೆ. ನಗುವಂಥದ್ದಲ್ಲ, ಅದು ಅವನ ವಾಕ್ಯ, ಅರ್ಥವೂ ಇದೆ. 1980ರ ದಶಕದಿಂದಲೇ ಬ್ಯಾರಿ ಪ್ರಿಜಾಂಟ್ ಅವರಂಥ ತಜ್ಞರು ಈ ಮರುನುಡಿಯನ್ನು ಸಂವಹನ ಅಂತಲೇ ನೋಡಿ ಎನ್ನುತ್ತಾ ಬಂದಿದ್ದಾರೆ.

ಮಾಡಬೇಕಾದ್ದು ಸುಲಭ. "ಹಾಗಲ್ಲ, ಸರಿಯಾಗಿ ಹೇಳು" ಅನ್ನಬೇಡಿ. ಲೋಟ ಕೈಗೆ ಕೊಡುತ್ತಾ ಅವನ ಕಡೆಯ ಮಾತನ್ನು ನೀವೇ ಹೇಳಿ: "ಹಾಲು ಬೇಕು." ಪ್ರಶ್ನೆ ಕೇಳುವುದು ಕಮ್ಮಿ ಮಾಡಿ, ಅವನು ಎತ್ತಿಕೊಂಡು ಬಳಸಬಹುದಾದ ಮಾತು ಜಾಸ್ತಿ ಮಾಡಿ. ಅವನು ಕದಿಯುವುದು ಧಾಟಿ ಸಮೇತ, ಆದ್ದರಿಂದ ನೀವು ಗದರುವ ಧಾಟಿಯಲ್ಲಿ ಹೇಳಿದ್ದು ಅದೇ ಧಾಟಿಯಲ್ಲಿ ವಾಪಸ್ ಬರುತ್ತದೆ. ನನ್ನ "ಸಾಕು ಮುಚ್ಚು!" ಒಂದು ಮದುವೆ ಊಟದ ಪಂಕ್ತಿಯಲ್ಲಿ ವಾಪಸ್ ಬಂತು.

ಹೆಜ್ಜೆ 5: ಕೇಳಿಸಿಕೊಳ್ಳುವ ಆಟ

ಹೇಳುವ ಮುಂಚೆ ಕೇಳಿಸಿಕೊಳ್ಳುವುದು. ಇಲ್ಲಿ ನಮ್ಮ ಭಾಷೆ ಒಂದು ದೊಡ್ಡ ಸಹಾಯ ಮಾಡುತ್ತದೆ, ಇಂಗ್ಲಿಷ್ ಆ್ಯಪ್‌ಗಳನ್ನು ನೆಚ್ಚಿಕೊಂಡವರಿಗೆ ಅದು ಕಾಣುವುದಿಲ್ಲ. ಇಂಗ್ಲಿಷಿನಲ್ಲಿ ಬರೀ ಸ್ವರ ಎತ್ತಿ ಒತ್ತು ಕೊಟ್ಟು ಹೇಳುವುದರಲ್ಲಿ ಅರ್ಧವನ್ನು ಕನ್ನಡ ಪದದ ಬಾಲಕ್ಕೆ ಕಟ್ಟಿಬಿಟ್ಟಿದೆ. "ಬಂದ್ಯಾ" ಅನ್ನುವ ಆ, "ನಾನೇ" ಅನ್ನುವ ಏ, "ಅವನೂ" ಅನ್ನುವ ಊ, "ಬಂದ್ನೋ ಇಲ್ವೋ" ಅನ್ನುವ ಓ. ಧಾಟಿ ಹಿಡಿಯಲಾಗದ ಮಗುವೂ ಈ ಬಾಲಗಳನ್ನು ಹಿಡಿಯಬಲ್ಲದು. ಆದ್ದರಿಂದ ಬಾಲದಿಂದ ಶುರು ಮಾಡಿ. "ಅಜ್ಜಿ ಮಾಡಿದ್ದು" ಮತ್ತು "ಅಜ್ಜಿಯೇ ಮಾಡಿದ್ದು", ಎರಡು ಚಿತ್ರ, ಯಾವುದು ತೋರಿಸು. ಹತ್ತರಲ್ಲಿ ಎಂಟು ಸರಿ ಬಂದ ಮೇಲೆ ಬಾಲ ತೆಗೆದು ಬರೀ ಸ್ವರಕ್ಕೆ ಬನ್ನಿ.

ಬರೀ ಸ್ವರದ ಆಟಕ್ಕೆ "ಆಯ್ತು" ಅನ್ನುವ ಪದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಖುಷಿಯ ಆಯ್ತು, ಬೇಜಾರಿನ ಆಯ್ತು, ಸಿಟ್ಟಿನ ಆಯ್ತು, "ಇಷ್ಟು ಬೇಗ ಆಯ್ತು?" ಅನ್ನುವ ಆಶ್ಚರ್ಯದ ಆಯ್ತು. ನಾಲ್ಕನ್ನೂ ಒಟ್ಟಿಗೆ ಸುರಿಯಬೇಡಿ. ಖುಷಿ ಮತ್ತು ಸಿಟ್ಟು, ಎರಡೇ, ಒಂದು ವಾರ. ಮುಖ ನೋಡಿ ಊಹಿಸದ ಹಾಗೆ ಬಾಗಿಲ ಹಿಂದೆ ನಿಂತು ಹೇಳಿ. ಪೆಪ್ಸ್-ಸಿ ಅನ್ನುವ ಧಾಟಿಯ ಪರೀಕ್ಷೆಯಲ್ಲಿ ತಿಂಡಿಯ ಹೆಸರನ್ನು ಇಷ್ಟಪಟ್ಟು ಅಥವಾ ಇಷ್ಟವಿಲ್ಲದೆ ಹೇಳುವ ಭಾಗವೊಂದಿದೆ. ನಾವು ಅದನ್ನೇ ಹಾಗಲಕಾಯಿ, ಹೋಳಿಗೆ, ಉಪ್ಪಿಟ್ಟು ಇಟ್ಟುಕೊಂಡು ಆಡಿದೆವು. ಉಪ್ಪಿಟ್ಟಿಗೆ ಅವರಪ್ಪ ಕೊಟ್ಟ ಧಾಟಿ ಕೇಳಿದರೆ ಯಾವ ಮಗುವಿಗೂ ಅರ್ಥವಾಗುತ್ತಿತ್ತು ಬಿಡಿ.

ಬಿಡುವಿಗೆ ದರ್ಶಿನಿ ಆಟ. "ಈರುಳ್ಳಿ ದೋಸೆ, ಕಾಫಿ" ಅಂದರೆ ಎರಡು ಬಿಲ್ಲೆ. "ಈರುಳ್ಳಿ, ದೋಸೆ, ಕಾಫಿ" ಅಂದರೆ ಮೂರು ಬಿಲ್ಲೆ. ಮಗು ಕೇಳಿಸಿಕೊಂಡಷ್ಟು ಬಿಲ್ಲೆ ಇಡಬೇಕು. ಆಮೇಲೆ ಅವನು ಹೇಳಲಿ, ನೀವು ಇಡಿ, ಬೇಕೆಂದೇ ತಪ್ಪು ಇಡಿ.

ಹೆಜ್ಜೆ 6: ಕೆರೆ-ದಡ, ಹೊಸ ನಿಯಮದಲ್ಲಿ

ನಮ್ಮ ಕೆರೆ-ದಡ ಆಟ ತಡೆಯುವ ಶಕ್ತಿಗೆ ಹೇಳಿ ಮಾಡಿಸಿದ ಕಸರತ್ತು. ಕೆರೆ ಅಂದರೆ ಒಳಗೆ, ದಡ ಅಂದರೆ ಹೊರಗೆ, ಕೂಗುವವರು ಎರಡು ಸಲ ಕೆರೆ ಅಂದಾಗ ಕಾಲು ತಡೆದುಕೊಳ್ಳಬೇಕು. ಒಂದು ಸೀಮೆಸುಣ್ಣದ ಗೆರೆ ಸಾಕು, ಅಪಾರ್ಟ್‌ಮೆಂಟ್ ಪಾರ್ಕಿಂಗ್ ಸಾಕು.

ಮೊದಲ ವಾರ ಮಾಮೂಲಿ ಆಟ, ನಿಧಾನಕ್ಕೆ. ಎರಡನೇ ವಾರ ನಿಯಮ ತಿರುಗಿಸಿ, ಕೆರೆ ಅಂದರೆ ಹೊರಗೆ. ನಿಯಮ ಬದಲಾದದ್ದನ್ನು ನೆನಪಿಡಲು ಗೋಡೆಗೆ ಒಂದು ಕೆಂಪು ಕಾಗದ ಅಂಟಿಸಿ, ಇಲ್ಲದಿದ್ದರೆ ಹೊಂದಿಕೊಳ್ಳುವುದು, ನೆನಪಿಡುವುದು ಎರಡನ್ನೂ ಒಟ್ಟಿಗೆ ಕೇಳಿದ ಹಾಗಾಗುತ್ತದೆ. ಮೂರನೇ ವಾರ ಧಾಟಿ ತನ್ನಿ: ಗಟ್ಟಿಯಾಗಿ ಕೂಗಿದರೆ ಹಾರು, ಪಿಸುಗುಟ್ಟಿದರೆ ಅಲ್ಲಾಡಬೇಡ. ಈಗ ಮಗು ಪದ ಮತ್ತು ಸ್ವರ ಎರಡನ್ನೂ ಹಿಡಿದು, ಕಾಲನ್ನೂ ತಡೆಯಬೇಕು. ಧಾಟಿ ಮತ್ತು ತಲೆಯ ಮ್ಯಾನೇಜರ್ ಒಟ್ಟಿಗೆ ಕೆಲಸ ಮಾಡುವುದು ಇಲ್ಲಿ. ನಮಗೆ ಮೂರನೇ ವಾರ ಅಂದದ್ದು ಆರನೇ ವಾರಕ್ಕೆ ಬಂತು, ನಿಮಗೆ ಹತ್ತಾಗಬಹುದು. ಪಕ್ಕದ ಮನೆ ಮಕ್ಕಳನ್ನೂ ಸೇರಿಸಿ. ಪಿಸುಮಾತಿನ ನಿಯಮದಲ್ಲಿ ಅವರೂ ಎಡವುತ್ತಾರೆ, ಅದು ನಮ್ಮವನಿಗೆ ಎಷ್ಟು ಖುಷಿ ಅಂತೀರಾ.

ಚೌಕಾಬಾರ, ಅಳಿಗುಳಿ ಮಣೆ ಕೂಡ ಒಳ್ಳೆಯವು, ಲೆಕ್ಕ ಹಿಡಿಯಲು, ಸರದಿ ಕಾಯಲು. ಇವುಗಳ ಹೊಡೆತ ಕೆರೆ-ದಡದಷ್ಟಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಒಂದು ಮಾತು: ಆಟದಲ್ಲಿ ಕಲಿತದ್ದು ಆಟದ ಆಚೆಗೂ ಹೋಗುತ್ತದೆ ಅನ್ನುವ ಖಾತರಿ ಇಲ್ಲ. ಹೊರಗೆ ಬೇಕಾದ್ದನ್ನು ಹೊರಗೇ ಅಭ್ಯಾಸ ಮಾಡಿಸಬೇಕು.

ಹೆಜ್ಜೆ 7: ರಸ್ತೆಗೆ ಇಳಿಯಿರಿ, ಪದ ಮೊದಲು, ಧಾಟಿ ಆಮೇಲೆ

ಮಟ್ಟಸ ಧಾಟಿಯಲ್ಲಿ "ನೀರು ಕೊಡು" ಅಂದರೆ ಜನ ಒರಟು ಹುಡುಗ ಅಂದುಕೊಳ್ಳುತ್ತಾರೆ. ಅದೇ ಮಟ್ಟಸ ಧಾಟಿಯಲ್ಲಿ "ಅಂಕಲ್, ಎರಡು ಇಡ್ಲಿ ಕೊಡಿ" ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಕನ್ನಡದಲ್ಲಿ ಮರ್ಯಾದೆಯ ಮುಕ್ಕಾಲು ಭಾಗ "ಕೊಡಿ, ಬನ್ನಿ, ಹೇಳಿ"ಗಳಲ್ಲಿ ಮತ್ತು ಅಣ್ಣ, ಅಕ್ಕ, ಅಜ್ಜಿ, ಅಂಕಲ್‌ನಲ್ಲಿದೆ. ಇದನ್ನು ನಿಯಮವಾಗಿ ಕಲಿಸಬಹುದು: ದೊಡ್ಡವರಾದರೆ ಮೊದಲು ಕರೆಯುವ ಪದ, ಕೊನೆಗೆ ಇ. ನಿಯಮ ಅಂದರೆ ನಮ್ಮ ಮಕ್ಕಳು ನಮಗಿಂತ ನಿಯತ್ತು. ಸ್ವರ ತಿದ್ದಲು ತಿಂಗಳುಗಟ್ಟಲೆ ಒದ್ದಾಡಿದ್ದ ನನಗೆ ಈ ಸಣ್ಣ ಬದಲಾವಣೆಯ ಫಲ ಹದಿನೈದು ದಿನದಲ್ಲಿ ಕಂಡಿತು.

ಗಟ್ಟಿ-ಮೆಲ್ಲಗೆ ಕಲಿಸಲು ಜಾಗದ ಹೆಸರಿಡಿ. ದೇವಸ್ಥಾನದ ಸ್ವರ, ಮನೆಯ ಸ್ವರ, ಕಬ್ಬನ್ ಪಾರ್ಕ್ ಸ್ವರ. "ಮೆಲ್ಲಗೆ ಮಾತಾಡು" ಅಂದರೆ ಎಷ್ಟು ಮೆಲ್ಲಗೆ ಅಂತ ಗೊತ್ತಾಗುವುದಿಲ್ಲ, "ದೇವಸ್ಥಾನದ ಸ್ವರ" ಅಂದರೆ ಗೊತ್ತಾಗುತ್ತದೆ.

ದರ್ಶಿನಿಗೆ ಬೆಳಗ್ಗೆ ಎಂಟಕ್ಕೆ ಹೋಗಬೇಡಿ. ಮಧ್ಯಾಹ್ನ ಮೂರೂವರೆಗೆ ಹೋಗಿ, ಖಾಲಿ ಇರುತ್ತದೆ. ದುಡ್ಡು, ಟೋಕನ್, ಆರ್ಡರ್ ಮೂರನ್ನೂ ಅವನ ತಲೆಗೆ ಹಾಕಬೇಡಿ. ದುಡ್ಡು ನೀವು ಕೊಡಿ, ಆರ್ಡರ್ ಮಾತ್ರ ಅವನದು. ಅದು ಸಲೀಸಾದ ಮೇಲೆ ಟೋಕನ್.

ಎರಡು ಭಾಷೆ, ಶಾಲೆ, ಕಾಗದ ಪತ್ರ

"ಕನ್ನಡ ಬಿಡಿ, ಬರೀ ಇಂಗ್ಲಿಷ್ ಮಾತಾಡಿ, ಮಗುವಿಗೆ ಗೊಂದಲ ಆಗುತ್ತೆ" ಅನ್ನುವ ಸಲಹೆ ನಮಗೂ ಸಿಕ್ಕಿತ್ತು. ಎರಡು ಭಾಷೆಯಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆ ಅನ್ನುವುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಕೆನಡಾದ ಮಾಂಟ್ರಿಯಲ್‌ನ ಒಂದು ಸಣ್ಣ ಅಧ್ಯಯನದಲ್ಲಂತೂ ನಿಯಮ ಬದಲಿಸಿ ಕಾರ್ಡ್ ವಿಂಗಡಿಸುವ ಕೆಲಸದಲ್ಲಿ ಎರಡು ಭಾಷೆಯ ಮಕ್ಕಳೇ ಮುಂದಿದ್ದರು. ಅಜ್ಜಿಯ ಜೊತೆ ಮಾತಾಡುವ ಭಾಷೆ ಕಿತ್ತುಕೊಂಡರೆ ಧಾಟಿ ಕೇಳಿಸಿಕೊಳ್ಳುವ ಅವಕಾಶವೇ ಅರ್ಧ ಹೋಗುತ್ತದೆ. ಬಿಡಬೇಡಿ.

ಶಾಲೆಗೆ ಒಂದು ಪುಟದ ಚೀಟಿ ಕೊಡಿ. ಇವನ ಸ್ವರ ಮಟ್ಟಸ ಇದ್ದರೆ ಉದ್ಧಟತನ ಅಲ್ಲ, ಪ್ರಶ್ನೆ ಕೇಳಿ ಹತ್ತು ಸೆಕೆಂಡ್ ಕಾಯಿರಿ, ಗೇಲಿಯನ್ನು ನಿಜ ಅಂತ ನಂಬುತ್ತಾನೆ. ಮೂರೇ ಸಾಲು, ಜಾಸ್ತಿ ಬರೆದರೆ ಯಾರೂ ಓದುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವಿಕಲತೆಗಳ ಪಟ್ಟಿಯಲ್ಲಿ ಆಟಿಸಂ ಇದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷದವರೆಗೆ ಇದೆ, ಥೆರಪಿ ಖರ್ಚನ್ನೂ ಒಂದು ಮಿತಿಯವರೆಗೆ ಕೇಳಬಹುದು.

ಎಲ್ಲಿ ನಿಲ್ಲಿಸಬೇಕು

ಮಗು ಸಂಜೆ ಬಂದು ಕುಸಿದು ಬೀಳುತ್ತಿದ್ದರೆ, ಎಲ್ಲರ ಮುಂದೆ ಒಳ್ಳೆಯ ಧಾಟಿಯಲ್ಲಿ ಮಾತಾಡಿ ಮನೆಗೆ ಬಂದು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದರೆ ನಿಲ್ಲಿಸಿ. ಅದು ವೇಷ ಹಾಕಿದ ದಣಿವು. ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್, ತಾವೇ ಆಟಿಸಂ ಇರುವವರು, 2012ರಲ್ಲಿ ಬರೆದದ್ದು ನನ್ನ ಫ್ರಿಜ್ ಮೇಲೆ ಅಂಟಿಸುವಂಥ ವಿಚಾರ: ಅರ್ಥವಾಗದಿರುವುದು ಎರಡೂ ಕಡೆಯಿಂದ. ಅವನ ಧಾಟಿ ನಮಗೆ ತಿಳಿಯದಿದ್ದರೆ ಕಲಿಯುವ ಕೆಲಸ ನಮ್ಮದೂ ಇದೆ. ಈಗ ಅವನಕ್ಕ ಅವನ ಮಟ್ಟಸ "ಹೂಂ"ಗಳಲ್ಲೇ ಮೂರು ಬಗೆ ಗುರುತಿಸುತ್ತಾಳೆ, ನಾನಿನ್ನೂ ಎರಡರಲ್ಲಿದ್ದೇನೆ.

ಮೂರು ತಿಂಗಳಾದ ಮೇಲೆ ಮೊದಲ ವಾರದ ನೋಟ್‌ಬುಕ್ ತೆಗೆಯಿರಿ, ಇನ್ನೊಂದು ವಾರ ಅದೇ ಕಾಲಂಗಳಲ್ಲಿ ಬರೆಯಿರಿ. ಸ್ವರ ಎಷ್ಟು ಚೆಂದವಾಯಿತು ಅಂತ ನೋಡಬೇಡಿ. ಅವನು ಹೇಳಿದ್ದು ಎದುರಿನವರಿಗೆ ಮೊದಲ ಸಲಕ್ಕೇ ತಿಳಿದದ್ದು ಎಷ್ಟು ಸಲ, ಅದನ್ನು ಎಣಿಸಿ. ನಮ್ಮ ಮನೆಯಲ್ಲಿ ಶೂ ಹಾಕುವ ಹೊತ್ತಿನ ಸ್ವರ ಇವತ್ತಿಗೂ ಕಂಡಕ್ಟರ್‌ನದೇ. ವಾಕ್ಯ ಮಾತ್ರ "ಅಮ್ಮ, ಬಾಟಲ್ ಕೊಡಿ" ಆಗಿದೆ. ನನಗೂ ಬಹುವಚನ, ನಿಯಮ ಅಂದರೆ ನಿಯಮ.